ಗವರ್ನರ್ ಬಂಗಲೆಯ ಹಸಿರು ಕಿಟಕಿ

ಗವರ್ನರ್ ಬಂಗಲೆಯ ಹಿಂದಿನ ಬೀದಿಯಲ್ಲಿ ಚೀಲ ರಿಪೇರಿ ಮಾಡುವ ಹೆಂಗಸಿಗೆ ಪತ್ತೇದಾರಮ್ಮ ಎಂಬ ಹೆಸರು ಯಾವಾಗ ಬಿತ್ತೋ ಬೀದಿಯವರಿಗೇ ನೆನಪಿಲ್ಲ. ಇಟ್ಟವರು ಯಾರೇ ಆಗಲಿ, ರೋಸಿಹೋಗಿಯೇ ಇಟ್ಟಿರಬೇಕು. ಕಿತ್ತುಹೋದ ಜಿಪ್ಪು, ಹರಿದ ಹಿಡಿಕೆ, ಅಸ್ತರು ಬಿಟ್ಟ ಕೈಚೀಲ, ಏನನ್ನೇ ತಂದುಕೊಡಿ, ಅವಳು ಮೊದಲು ಚೀಲ ನೋಡುವುದಿಲ್ಲ, ತಂದವರ ಮುಖ ನೋಡುತ್ತಾಳೆ. ಆಮೇಲೆ ಶುರು. ಹಿಡಿಕೆ ಒಂದೇ ಕಡೆ ಯಾಕೆ ಸವೆದಿದೆ, ನೀವು ಎಡಚರಾ? ಒಳಜೇಬಲ್ಲಿ ಮರಳು ಯಾಕಿದೆ, ಸಮುದ್ರಕ್ಕೆ ಹೋಗಿದ್ರಾ, ಯಾರ ಜೊತೆ? ಜಿಪ್ಪು ಹಾಕಿಸಲು ಬಂದ ಮೇಷ್ಟರೊಬ್ಬರು ಎದ್ದು ಹೋಗುವಷ್ಟರಲ್ಲಿ ಹೆಂಡತಿಗೂ ಹೇಳದ ವಿಷಯವನ್ನು ಅವಳಿಗೆ ಹೇಳಿ ಹೋಗಿದ್ದರು. ಆದರೆ ಒಂದು ಮಾತು ಒಪ್ಪಲೇಬೇಕು. ಅವಳಿಗೆ ಕೇಳುವ ಚಟವಿತ್ತೇ ಹೊರತು ಹೇಳಿಕೊಂಡು ತಿರುಗುವ ಚಟವಿರಲಿಲ್ಲ. ಕಿವಿಗೆ ಬಿದ್ದದ್ದು ಹೊಟ್ಟೆಯಲ್ಲೇ ಉಳಿಯುತ್ತಿತ್ತು. ಅದಕ್ಕೇ ಜನ ಬೈದುಕೊಂಡೂ ಅವಳ ಹತ್ತಿರವೇ ಬರುತ್ತಿದ್ದರು.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಬಾಗಿಲಿಗೆ ಎದುರಾಗಿ ಹೊಲಿಗೆ ಮೆಷಿನ್ನು. ಮೆಷಿನ್ನಿನ ಮೇಲಿಂದ ತಲೆಯೆತ್ತಿದರೆ ರಸ್ತೆ, ರಸ್ತೆಯಾಚೆ ನೀರಿನ ನಲ್ಲಿ, ನಲ್ಲಿಯ ಪಕ್ಕದಲ್ಲೊಂದು ಉದ್ದನೆಯ ಕಲ್ಲು, ಅದರ ಹಿಂದೆ ಕಬ್ಬಿಣದ ಬೇಲಿ, ಬೇಲಿಯ ಹಿಂದೆ ಬಂಗಲೆಯ ಪಡುವಣ ಗೋಡೆ. ಆ ಗೋಡೆಯ ಮೇಲಂತಸ್ತಿನಲ್ಲಿ ಸಾಲಾಗಿ ಕಿಟಕಿಗಳು. ಎಲ್ಲಕ್ಕೂ ಮರದ ಪಟ್ಟಿಗಳ ಹಸಿರು ಕದ. ಉಳಿದ ಕಿಟಕಿಗಳು ಆಗೊಮ್ಮೆ ಈಗೊಮ್ಮೆ ತೆರೆಯುತ್ತಿದ್ದವು. ಮೂಲೆಯ ಕಿಟಕಿ ಮಾತ್ರ ತೆರೆದದ್ದನ್ನು ಯಾರೂ ಕಂಡಿಲ್ಲ. ಪತ್ತೇದಾರಮ್ಮನ ಜೀವ ಇದ್ದದ್ದು ಆ ಮೂಲೆಯ ಕಿಟಕಿಯಲ್ಲೇ.

ಅದಕ್ಕೆ ಕಾರಣವಿದೆ. ಕೊನೆಯ ಗವರ್ನರ್ ಸಾಹೇಬರು ಇನ್ನೂ ಹಡಗು ಹತ್ತದಿದ್ದ ಕಾಲದಲ್ಲಿ ಅವಳ ಅಮ್ಮ ಬಂಗಲೆಯ ಒಳಗೆ ಕೆಲಸಕ್ಕಿದ್ದಳು. ಅಪ್ಪ ಸರಕಿನ ಹಡಗಿಗೆ ಸೇರಿಕೊಂಡು ಹೋದವನು ಹೋದವನೇ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ಬೇರೆ ದಿಕ್ಕಿಲ್ಲ, ಆಳುಗಳ ಮಕ್ಕಳನ್ನು ಬೇಲಿಯೊಳಗೆ ಬಿಡುವುದಿಲ್ಲ. ಹಾಗಾಗಿ ಅಮ್ಮ ಬೆಳಿಗ್ಗೆ ಮಗಳನ್ನು ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಕೂರಿಸಿ, ಮಡಿಲಿಗೆ ಬುತ್ತಿ ಇಟ್ಟು, ಬೆರಳೆತ್ತಿ ತೋರಿಸುತ್ತಿದ್ದಳು. "ಅಲ್ಲಿ ಮೂಲೇಲಿ ಹಸಿರು ಕಿಟಕಿ ಇದೆ ನೋಡು, ನಾನು ಅಲ್ಲೇ ಇರ್ತೀನಿ. ಪಟ್ಟಿ ಸಂದಿಯಿಂದ ನಿನ್ನನ್ನೇ ನೋಡ್ತಿರ್ತೀನಿ. ರಸ್ತೆಗೆ ಇಳಿದೆಯೋ, ಗೊತ್ತಾಗುತ್ತೆ."

ಗೊತ್ತಾಗುತ್ತಿತ್ತು ಕೂಡ! ಸಂಜೆ ಕೆಲಸ ಮುಗಿಸಿ ಬಂದ ಅಮ್ಮ ಮಗಳ ಕೈ ಹಿಡಿದುಕೊಳ್ಳುತ್ತಲೇ ದಿನದ ವರದಿ ಒಪ್ಪಿಸುತ್ತಿದ್ದಳು. ಇವತ್ತು ನಾಯಿಗೆ ಬುತ್ತಿಯಲ್ಲಿ ಅರ್ಧ ಹಾಕಿದೆ. ನಲ್ಲಿ ಕೆಳಗೆ ತಲೆ ಕೊಟ್ಟು ಒದ್ದೆ ಮಾಡಿಕೊಂಡೆ. ಆ ಜುಟ್ಟಿನ ಹುಡುಗಿಯ ಜೊತೆ ಜಗಳವಾಡಿದೆ, ತಪ್ಪು ನಿನ್ನದೇ. ಒಂದೂ ಸುಳ್ಳಲ್ಲ. ಮಗಳಿಗೆ ಆ ಕಿಟಕಿಯೆಂದರೆ ಭಯ, ಅದಕ್ಕಿಂತ ಹೆಚ್ಚು ಧೈರ್ಯ. ಬಿದ್ದ ಹಲ್ಲನ್ನು ಅದಕ್ಕೆ ಎತ್ತಿ ತೋರಿಸಿದಳು, ಕಲಿತ ಕುಣಿತವನ್ನು ಅದರ ಮುಂದೆ ಕುಣಿದಳು. ಬೇಸರವಾದಾಗ ಕೈಬೀಸಿದರೆ ಪಟ್ಟಿ ಒಂದಿಷ್ಟು ಅಲ್ಲಾಡಿದ ಹಾಗೆ ಕಾಣುತ್ತಿತ್ತು. ಅಷ್ಟು ದೊಡ್ಡ ಬೀದಿಯಲ್ಲಿ ಅಷ್ಟು ಚಿಕ್ಕ ಹುಡುಗಿ ಒಂದು ದಿನವೂ ಒಂಟಿಯೆಂದು ಅಳಲಿಲ್ಲ.

ಸಾಹೇಬರು ಹೋದರು. ಬಂಗಲೆ ಸರ್ಕಾರಿ ಕಚೇರಿಯಾಯಿತು, ಆಮೇಲೆ ಹಳೆಯ ಕುರ್ಚಿ ಮೇಜುಗಳ ಉಗ್ರಾಣವಾಯಿತು, ಆಮೇಲೆ ಬೀಗ ಬಿತ್ತು. ಅಮ್ಮ ಮುದುಕಿಯಾಗಿ ಒಂದು ದಿನ ಕಣ್ಣುಮುಚ್ಚಿದಳು. ಮಗಳಿಗೆ ಮದುವೆಯಾಗಿ, ಗಂಡ ತೀರಿಕೊಂಡು, ಮಗ ಬಸ್ಸು ಓಡಿಸುವಷ್ಟು ದೊಡ್ಡವನಾಗಿ, ಮನೆಗೆ ಸೊಸೆ ಬಂದಳು. ಇಷ್ಟೆಲ್ಲ ಆದರೂ ಅವಳ ಒಂದು ಆಸೆ ಹಾಗೇ ಉಳಿದಿತ್ತು. ಆ ಕಿಟಕಿಯ ಹಿಂದೆ ಒಮ್ಮೆ ನಿಲ್ಲಬೇಕು. ಅಮ್ಮ ನಿಂತ ಜಾಗದಲ್ಲಿ ನಿಂತು, ಪಟ್ಟಿಯ ಸಂದಿಯಿಂದ ಆ ಕಲ್ಲನ್ನು ನೋಡಬೇಕು. ಅಮ್ಮನಿಗೆ ತಾನು ಹೇಗೆ ಕಾಣುತ್ತಿದ್ದೆ ಎಂದು ತಿಳಿಯಬೇಕು. ಅಮ್ಮನದೊಂದು ಫೋಟೋ ಕೂಡ ಇಲ್ಲದ ಮನೆಯಲ್ಲಿ ಇದು ಸಣ್ಣ ಆಸೆಯೇನಲ್ಲ.

ಹಾಗಾಗಿ ಬಂಗಲೆಯನ್ನು ದುರಸ್ತಿ ಮಾಡಿ ಜನರಿಗೆ ತೋರಿಸುತ್ತಾರೆ ಎಂಬ ಸುದ್ದಿ ಬಂದಾಗ ಅವಳ ಮೆಷಿನ್ನಿನ ಚಕ್ರ ನಿಂತೇಹೋಯಿತು. ಗೋಡೆಗೆ ಸಾರುವೆ ಕಟ್ಟಿ ಬಣ್ಣ ಬಳಿಯುತ್ತಿದ್ದಷ್ಟು ದಿನವೂ ಅವಳು ಬಾಗಿಲಲ್ಲೇ. ಮೂಲೆಯ ಕಿಟಕಿಗೆ ಹಸಿರು ಬಳಿಯುತ್ತಿದ್ದ ಪೇಂಟರಿಗೆ ಕೆಳಗಿನಿಂದಲೇ ಕೂಗಿ ಕೇಳಿದಳು. "ಏನಪ್ಪಾ, ಸಂದೀಲಿ ಒಳಗೇನು ಕಾಣ್ಸುತ್ತೆ?"

"ಬಣ್ಣ ಕಾಣ್ಸುತ್ತೆ!" ಎಂದು ಅವನು ಮೇಲಿನಿಂದ ಕೂಗಿದ. ಬೀದಿಯೆಲ್ಲ ನಕ್ಕಿತು. ಪತ್ತೇದಾರಮ್ಮನೂ ನಕ್ಕಳು.

ಬಂಗಲೆ ತೆರೆದ ಮೊದಲನೆಯ ದಿನವೇ ಹೋಗಬೇಕೆಂದು ಅವಳ ಹಟ. ಸೊಸೆ ಚಪ್ಪಲಿ ಅಂಗಡಿಯ ಕೆಲಸಕ್ಕೆ ರಜೆ ಹಾಕಿ ಜೊತೆಗೆ ಹೊರಟಳು. ಹೊರಡುವಾಗಲೇ ಎಚ್ಚರಿಕೆ ಕೊಟ್ಟಳು. "ಅತ್ತೆ, ನೋಡಿ, ಅಲ್ಲಿ ಹೋಗಿ ಎಲ್ಲರ ತಲೆ ತಿನ್ಬೇಡಿ. ಗೈಡು ಹೇಳಿದ್ದನ್ನ ಕೇಳಿಸ್ಕೊಂಡು ಸುಮ್ನೆ ಬಂದ್ಬಿಡೋಣ."

"ನಾನ್ಯಾಕೆ ತಲೆ ತಿನ್ಲಿ? ಬಾಯಿಗೆ ಬೀಗ ಹಾಕ್ಕೊಂಡಿರ್ತೀನಿ, ನೋಡ್ತಿರು."

ಬೀಗ ಪಕ್ಕದ ಬಾಗಿಲಲ್ಲಿ ಟಿಕೆಟ್ ಹರಿದುಕೊಡುವವರೆಗೂ ಇತ್ತು. ಒಳಗೆ ಕಾಲಿಟ್ಟದ್ದೇ ತಡ, ಊಟದ ಮನೆಯಲ್ಲಿ ಬಿಚ್ಚಿಕೊಂಡಿತು. ಆ ಊಟದ ಮೇಜಿನ ಉದ್ದಕ್ಕೆ ಅವಳ ಇಡೀ ಮನೆಯನ್ನು ಮಲಗಿಸಬಹುದಿತ್ತು. ಗೈಡ್ ಹುಡುಗಿ ಒಳ್ಳೆಯವಳು, ತಲೆ ನೆಟ್ಟಗೆ ನಿಲ್ಲಿಸಿಕೊಂಡು ಓದಿ ಬಂದವಳು, ಮೇಜಿನ ಮರ ಯಾವುದು, ದೀಪದ ಗೊಂಚಲು ಯಾವ ಹಡಗಿನಲ್ಲಿ ಬಂತು ಎಂದು ಹೇಳುತ್ತಿದ್ದಳು. ಪತ್ತೇದಾರಮ್ಮನಿಗೆ ಗೊಂಚಲು ಬೇಕಾಗಿರಲಿಲ್ಲ.

"ಅಲ್ಲಮ್ಮಾ, ಅಡುಗೆಮನೆ ಎಲ್ಲಿ?"

"ಹಿತ್ತಲ ಆಚೆ, ಬೇರೆ ಕಟ್ಟಡದಲ್ಲಮ್ಮಾ. ಬೆಂಕಿ ಭಯಕ್ಕೆ ದೂರ ಕಟ್ತಿದ್ರು."

"ಅಷ್ಟು ದೂರದಿಂದ ತಂದ್ರೆ ಊಟ ಆರಿಹೋಗ್ತಿರ್ಲಿಲ್ವಾ?"

"ಆರಿಹೋಗ್ತಿತ್ತಂತೆ. ಇಲ್ಲಿದ್ದ ಗವರ್ನರುಗಳೆಲ್ಲ ತಣ್ಣಗಿನ ಊಟಾನೇ ಮಾಡಿದ್ದು."

"ಅಯ್ಯೋ ಪಾಪ!" ಎಂದಳು ಪತ್ತೇದಾರಮ್ಮ, ನಿಜವಾಗಿ ಮರುಗಿ. "ಇಷ್ಟು ದೊಡ್ಡ ಮನೆ ಕಟ್ಕೊಂಡೂ ಬಿಸಿ ಊಟಕ್ಕೆ ಗತಿ ಇಲ್ಲ." ಸೊಸೆ ಅವಳ ಮೊಳಕೈ ಚಿವುಟಿದಳು. ಗುಂಪಿನವರು ಮಾತ್ರ ಆಗಲೇ ಗೈಡಿನ ಪಕ್ಕದಿಂದ ಸರಿದು ಪತ್ತೇದಾರಮ್ಮನ ಪಕ್ಕಕ್ಕೆ ಬರತೊಡಗಿದ್ದರು.

ಸಭೆಯ ಹಾಲಿನಲ್ಲಿ ಸಾಹೇಬರ ಎತ್ತರದ ಕುರ್ಚಿಯ ಮುಂದೊಂದು ಕಾಲುಮಣೆ ಕಂಡು, ಸಾಹೇಬರು ಕುಳ್ಳಗಿದ್ದರಾ ಎಂದು ಕೇಳಿದಳು. ಇದ್ದರಂತೆ, ಇಬ್ಬರು. ಗೋಡೆಯಲ್ಲಿ ಬಾಗಿಲೇ ಕಾಣದಂತೆ ಗೋಡೆಯ ಬಣ್ಣವನ್ನೇ ಬಳಿದ ಸಣ್ಣ ಕದವೊಂದಿತ್ತು. ಅದು ಆಳುಗಳು ಬಂದು ಹೋಗುವ ದಾರಿ, ಅತಿಥಿಗಳ ಕಣ್ಣಿಗೆ ಬೀಳದೆ ಕೆಲಸ ನಡೆಯಬೇಕಿತ್ತು ಎಂದಳು ಗೈಡ್ ಹುಡುಗಿ. ಪತ್ತೇದಾರಮ್ಮ ಆ ಕದವನ್ನು ಮೂರು ಸಲ ತೆರೆದು ಮುಚ್ಚಿದಳು. ಅಮ್ಮ ಈ ಕದ ಮುಟ್ಟಿರಬೇಕು ಎನ್ನಿಸಿ ಅಂಗೈಯನ್ನು ಅಲ್ಲೇ ಒಂದು ಗಳಿಗೆ ಇಟ್ಟುಕೊಂಡಳು. ಆಮೇಲೆ ಮಂಡಿ ಹಿಡಿದುಕೊಂಡು, ಸೊಸೆಯ ಭುಜ ಹಿಡಿದುಕೊಂಡು, ಮೇಲಂತಸ್ತಿನ ಮೆಟ್ಟಿಲು ಹತ್ತಿದಳು. ಹತ್ತುವಾಗ ಒಂದೂ ಪ್ರಶ್ನೆ ಕೇಳಲಿಲ್ಲ. ಸೊಸೆಗೆ ಗಾಬರಿಯಾಯಿತು.

"ಅತ್ತೆ, ಸುಸ್ತಾಯ್ತಾ? ಕೂತ್ಕೋತೀರಾ?"

"ಸುಮ್ನಿರೇ. ಪಡುವಣ ಕೋಣೆ ಯಾವ್ದು ನೋಡು."

ಪಡುವಣ ಕೋಣೆ ಸಾಹೇಬರ ಓದುವ ಕೋಣೆಯಾಗಿತ್ತು. ಸಾಲುಕಿಟಕಿಗಳಲ್ಲಿ ಬೀದಿಯ ಬೆಳಕು. ಒಂದು ಕಿಟಕಿಯಿಂದ ಅವಳ ಮನೆಯ ತಗಡಿನ ಮಾಡು ಕಂಡಿತು, ಇನ್ನೊಂದರಿಂದ ನಲ್ಲಿ. ಅವಳು ಒಂದರಲ್ಲೂ ನಿಲ್ಲದೆ ಸಾಲು ಹಿಡಿದು ಮೂಲೆಗೆ ನಡೆದಳು. ಮೂಲೆಯಲ್ಲಿ ಕಿಟಕಿಯಿರಲಿಲ್ಲ. ಗಿರಿಜಾಮೀಸೆಯ ಗವರ್ನರರೊಬ್ಬರು ಆಳೆತ್ತರದ ಚೌಕಟ್ಟಿನೊಳಗಿನಿಂದ ಅವಳನ್ನು ದುರುಗುಟ್ಟಿ ನೋಡುತ್ತಿದ್ದರು. ಕಿಟಕಿ ಇವರ ಬೆನ್ನ ಹಿಂದಿರಬೇಕು ಎಂದುಕೊಂಡು ಅವಳು ಚೌಕಟ್ಟಿನ ಸಂದಿಗೆ ಕೈ ತೂರಿಸಿದಳು.

"ಏಯ್, ಮುಟ್ಬಾರ್ದು, ಮುಟ್ಬಾರ್ದು!" ಎಂದು ಕಾವಲಿನವನು ಓಡಿಬಂದ. ಅವನ ಹಿಂದೆ ಗೈಡ್ ಹುಡುಗಿಯೂ ಬಂದಳು.

"ಇದನ್ನ ಸ್ವಲ್ಪ ಸರಿಸ್ತೀರಾಮ್ಮಾ? ಹಿಂದಿರೋ ಕಿಟಕಿ ನೋಡ್ಬೇಕು."

"ಅದರ ಹಿಂದೆ ಕಿಟಕಿ ಇಲ್ಲಮ್ಮಾ. ಬರೀ ಗೋಡೆ."

"ಇಲ್ಲ ಅಂದ್ರೆ? ನಾನು ಕಣ್ಣು ಬಿಟ್ಟಾಗಿಂದ ನೋಡ್ತಿದೀನಿ. ಹಸಿರು ಕಿಟಕಿ."

"ಹೊರಗಿಂದ ಹಾಗೆ ಕಾಣುತ್ತೆ. ಅದು ಸುಳ್ಳು ಕಿಟಕಿ. ಈ ಮೂಲೆ ಗೋಡೆ ಒಳಗೆ ಹೊಗೆ ಹೋಗೋ ದಾರಿ ಇದೆ, ಕಿಟಕಿ ಇಡಕ್ಕಾಗಲ್ಲ. ಹಾಗಂತ ಬಿಟ್ರೆ ಹೊರಗಿಂದ ಹಲ್ಲುಬಿದ್ದ ಬಾಯಿ ಥರ ಕಾಣುತ್ತಲ್ಲ, ಅದಕ್ಕೆ ಗೋಡೆ ಮೇಲೇನೇ ಕದ ಹೊಡೆದು ಬಿಟ್ಟಿದಾರೆ. ಕಟ್ಟಿದಾಗಿಂದ ಹೀಗೇ ಇದೆ."

ಪತ್ತೇದಾರಮ್ಮ ಗವರ್ನರರ ಮುಖ ನೋಡಿದಳು, ಗೋಡೆ ನೋಡಿದಳು, ಸೊಸೆಯನ್ನು ನೋಡಿದಳು. "ಕಟ್ಟಿದಾಗಿಂದಾನಾ?" ಎಂದು ಮತ್ತೊಮ್ಮೆ ಕೇಳಿದಳು. ಹೌದು ಎಂದಳು ಹುಡುಗಿ. ಇಡೀ ಬೀದಿಯ ಗುಟ್ಟು ಬಿಡಿಸಿದವಳಿಗೆ ತನ್ನ ಕಣ್ಣೆದುರಿನ ಗೋಡೆಯ ಗುಟ್ಟು ಬಿಡಿಸಲಾಗಿರಲಿಲ್ಲ. ಬಿಡಿಸುವುದೇನು, ಅಲ್ಲೊಂದು ಗುಟ್ಟಿರಬಹುದು ಎಂದೇ ಅನ್ನಿಸಿರಲಿಲ್ಲ. ಅಮ್ಮ ಹೇಳಿದ್ದಳಲ್ಲ, ಅಷ್ಟೇ ಸಾಕಾಗಿತ್ತು.

"ಹಾಗಾದ್ರೆ ನಮ್ಮಮ್ಮ ಎಲ್ಲಿ ಕೆಲ್ಸ ಮಾಡ್ತಿದ್ಲು?" ಎಂದು ಅವಳು ಕೇಳಿದ ದನಿ ಎಷ್ಟು ಸಣ್ಣದಾಗಿತ್ತೆಂದರೆ ಕಾವಲಿನವನೇ ಸ್ಟೂಲು ತಂದಿಟ್ಟ. ಏನು ಕೆಲಸ ಎಂದು ಗೈಡ್ ಕೇಳಿದಳು. ನೀರು ಕಾಯಿಸುವ ಕೆಲಸ. ಅಷ್ಟು ಮಾತ್ರ ಅವಳಿಗೆ ಗೊತ್ತಿತ್ತು. ಒಳ್ಳೆಯ ಹುಡುಗಿಯೆಂದು ಮೊದಲೇ ಹೇಳಿದೆನಲ್ಲ, ಗುಂಪನ್ನು ಇನ್ನೊಬ್ಬ ಗೈಡಿಗೆ ಒಪ್ಪಿಸಿ, ಅತ್ತೆ ಸೊಸೆಯನ್ನು ಕರೆದುಕೊಂಡು ಆಳುಗಳ ಇಕ್ಕಟ್ಟು ಮೆಟ್ಟಿಲಿಳಿಸಿ ನೆಲಮಾಳಿಗೆಗೆ ಹೋದಳು.

ಬಿಸಿನೀರಿನ ಕೋಣೆಯಲ್ಲಿ ಗೋಡೆಗೆ ಹೂತ ದೊಡ್ಡ ಒಲೆ, ಅದರ ಮೇಲೆ ತಾಮ್ರದ ಹಂಡೆ, ಹಂಡೆಗೊಂದು ಕೊಳಾಯಿ. ಪಕ್ಕದಲ್ಲಿ ಕಲ್ಲಿದ್ದಲು ಸುರಿಯುವ ಜಾರುಗಂಡಿ. ಗೋಡೆಯ ಮೇಲ್ಗಡೆ ಸಾಲಾಗಿ ಗಂಟೆಗಳು, ಯಾವ ಕೋಣೆಯಿಂದ ಯಾರು ದಾರ ಎಳೆದರೆ ಯಾವ ಗಂಟೆ ಅಲ್ಲಾಡುತ್ತದೆ ಎಂದು ತಿಳಿಯಲು ಪ್ರತಿಯೊಂದಕ್ಕೂ ಒಂದು ಪುಟ್ಟ ಬಿಲ್ಲೆ. ಕಿಟಕಿಯಿಲ್ಲ. ಬೆಳಕೆಂದರೆ ಆ ಜಾರುಗಂಡಿಯ ಬಾಯಿಂದ ಬಿದ್ದದ್ದಷ್ಟೇ. ಅಲ್ಲಿಂದ ಕತ್ತು ಚಾಚಿ ನೋಡಿದರೆ ಅಂಗೈಯಗಲ ಆಕಾಶ, ಇನ್ನೇನೂ ಇಲ್ಲ.

"ಈ ಒಲೆ ಹೊಗೇನೇ ಆ ಮೂಲೆ ಗೋಡೆ ಒಳಗೆ ಮೇಲಕ್ಕೆ ಹೋಗೋದು," ಎಂದಳು ಗೈಡ್ ಹುಡುಗಿ, ಸಮಾಧಾನ ಹೇಳುವವಳ ಹಾಗೆ. "ನಿಮ್ಮಮ್ಮನ ಹೊಗೆ ಆ ಕಿಟಕಿ ಹಿಂದೇನೇ ಇತ್ತು ಬಿಡಿ."

"ಹೊಗೆಗೆ ಕಣ್ಣಿರುತ್ತೇನಮ್ಮಾ?" ಎಂದಳು ಪತ್ತೇದಾರಮ್ಮ. ಅವಳಿಗೆ ಸಿಟ್ಟು ಬಂದಿತ್ತು. ಸತ್ತ ಅಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭವಲ್ಲ, ಎದುರು ನಿಂತು ಜಗಳವಾಡಲು ಯಾರೂ ಇರುವುದಿಲ್ಲ. ತಾನು ಹಲ್ಲು ತೋರಿಸಿದ್ದು ಗೋಡೆಗೆ. ಕುಣಿದದ್ದು ಗೋಡೆಯ ಮುಂದೆ. ಕೈಬೀಸಿ ಬೀಸಿ ಕೈ ನೋಯಿಸಿಕೊಂಡದ್ದು ಮೊಳೆ ಹೊಡೆದ ಎರಡು ಹಲಗೆಗೆ. ಯಾರೂ ನೋಡುತ್ತಿರಲಿಲ್ಲ. ಅಷ್ಟು ಚಿಕ್ಕ ಹುಡುಗಿ ಬೀದಿಯಲ್ಲಿ ಒಬ್ಬಳೇ ಇದ್ದಳು.

ಹೊರಗೆ ಬಂದ ಮೇಲೆ ಸೊಸೆ ಅವಳನ್ನು ಹೂವಿನ ಮಡಿಗಳ ಕಡೆಗೆ, ಸಾರೋಟು ನಿಲ್ಲಿಸುತ್ತಿದ್ದ ಅಂಗಳದ ಕಡೆಗೆ ಸುತ್ತಿಸಿ ತಂದಳು. ಒಂದಾದರೂ ಪ್ರಶ್ನೆ ಬರಲಿ ಎಂದು ಕುದುರೆಗಳಿಗೆ ನೀರಿಡುವ ಕಲ್ಲಿನ ತೊಟ್ಟಿಯನ್ನೂ ತೋರಿಸಿದಳು. "ಹೂಂ" ಎಂದಳು ಅತ್ತೆ. ಮನೆಗೆ ಬಂದು ಮೆಷಿನ್ನಿನ ಮುಂದೆ ಕೂತಳು, ಮೆಷಿನ್ನನ್ನು ತಿರುಗಿಸಿ ಬೀದಿಗೆ ಬೆನ್ನು ಮಾಡಿ ಕೂತಳು.

ಇದು ಹುಲ್ಲಜ್ಜನ ಕಣ್ಣಿಗೆ ಬಿತ್ತು. ಹುಲ್ಲಜ್ಜ ಬಂಗಲೆಯಲ್ಲಿ ತೋಟದ ಕೆಲಸಕ್ಕಿದ್ದವನು. ಆ ಕಾಲದಲ್ಲಿ ಅಲ್ಲಿದ್ದವರ ಪೈಕಿ ಇನ್ನೂ ಉಸಿರಾಡುತ್ತಿರುವವನು ಅವನೊಬ್ಬನೇ. ಅಷ್ಟು ವರ್ಷ ಹುಲ್ಲು ಕತ್ತರಿಸಿ ಕತ್ತರಿಸಿ ಈಗಲೂ ನಡೆಯುವಾಗ ನೆಲವನ್ನೇ ನೋಡಿಕೊಂಡು ನಡೆಯುತ್ತಾನೆ. ದಿನಾ ಸಂಜೆ ಪತ್ತೇದಾರಮ್ಮನ ಬಾಗಿಲಲ್ಲಿ ಕೂತು ಟೀ ಕುಡಿಯುವುದು ಅವನ ರೂಢಿ. ಬೀದಿಯವರಿಗೆಲ್ಲ ಅಜ್ಜ, ಅವಳಿಗೊಬ್ಬಳಿಗೆ ಅಣ್ಣ.

"ಏನು ತಂಗಿ, ಮೆಷಿನ್ನಿಗೆ ಮುನಿಸು ಬಂದಿದ್ಯಾ? ಆ ಕಡೆ ತಿರ್ಗಿದೆ."

ಅಷ್ಟು ಸಾಕಾಯಿತು. ಪತ್ತೇದಾರಮ್ಮ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿ, "ನನ್ನನ್ನ ನೋಡ್ತೀನಿ ಅಂತ ಸುಳ್ಳು ಹೇಳಿದ್ಲು ಅಣ್ಣ. ಸಾಯೋವರ್ಗೂ ಒಂದು ಸಲನಾದ್ರೂ ಬಾಯಿ ಬಿಡ್ಲಿಲ್ಲ," ಎಂದಳು.

ಹುಲ್ಲಜ್ಜ ಟೀ ಲೋಟ ಕೆಳಗಿಟ್ಟು ನಗತೊಡಗಿದ. ಬಾಯಲ್ಲಿ ಹಲ್ಲಿಲ್ಲದವನ ನಗು, ನಿಲ್ಲಲು ಹೊತ್ತು ಬೇಕಾಯಿತು. "ನೋಡ್ತಿರ್ಲಿಲ್ವಾ? ನಿಮ್ಮಮ್ಮನಾ? ನಮ್ಮೆಲ್ಲರ ಪ್ರಾಣ ಹಿಂಡ್ಬಿಟ್ಟಿದ್ಲಲ್ಲಮ್ಮಾ! ನಿನಗೆ ಗೊತ್ತೇ ಇಲ್ವಾ?"

"ಏನು ಗೊತ್ತಿಲ್ವಾ?"

"ಬಂಗ್ಲೇಲಿ ಬಿಸಿನೀರು ಬೇಡ ಅನ್ನೋರು ಯಾರಿದ್ರು ಹೇಳು. ಅಗಸ, ಅಡುಗೆಯವನು, ದಾದಿ, ಸಾಹೇಬರಿಗೆ ಕ್ಷೌರದ ನೀರು ಒಯ್ಯೋ ಜವಾನ, ಎಲ್ರೂ ಕ್ಯಾನು ಹಿಡ್ಕೊಂಡು ಅವಳ ಹತ್ರ ಇಳೀಲೇಬೇಕು. ಇಳಿದ್ರೆ ಕೊಳಾಯಿ ಮೇಲೆ ಕೈ ಇಟ್ಕೊಂಡು ನಿಂತಿರ್ತಿದ್ಲು. ‘ನನ್ನ ಮಗಳು ಏನ್ಮಾಡ್ತಿದಾಳೆ?’ ಹೇಳಿದ್ರೆ ನೀರು. ನೋಡಿಲ್ಲ ಅಂದ್ರೆ ‘ಹೋಗಿ ನೋಡ್ಕೊಂಡು ಬಾ.’ ಒಬ್ಬರಿಗೂ ರಿಯಾಯ್ತಿ ಇಲ್ಲ. ನಾನು ಗಿಡಗಳಿಗೆ ಹೊಡೆಯೋ ಔಷಧಿ ಕದಡಕ್ಕೆ ಒಂದು ಚೊಂಬು ನೀರು ಕೇಳಿದ್ರೂ ಮೊದ್ಲು ಬೇಲಿ ತನಕ ಓಡಿಹೋಗಿ ನಿನ್ನ ಮುಖ ನೋಡ್ಬೇಕಿತ್ತು."

ಪತ್ತೇದಾರಮ್ಮನ ಕೈಯಲ್ಲಿದ್ದ ಚೀಲ ಮಡಿಲಿಗೆ ಜಾರಿತು.

"ಒಂದು ದಿನ ಸಾಹೇಬರ ಜವಾನ ಸುಮ್ನೆ ‘ಕೂತಿದಾಳೆ’ ಅಂದ. ‘ಯಾವ ಕಡೆ ಮುಖ ಮಾಡಿ?’ ಅಂದ್ಲು. ಸಿಕ್ಕಾಕ್ಕೊಂಡ! ತಿರ್ಗಾ ಮೇಲೆ ಹೋಗಿ ನೋಡ್ಕೊಂಡು ಬರೋವರ್ಗೂ ಸಾಹೇಬರು ಸೋಪು ಹಚ್ಕೊಂಡು ಕೂತಿದ್ರು. ಆಮೇಲೆ ಎಲ್ರಿಗೂ ಅಭ್ಯಾಸ ಆಗ್ಹೋಯ್ತು. ಮೆಟ್ಲು ಇಳಿಯೋ ಮುಂಚೆ ಬೀದಿಗೊಂದು ಸಲ ಇಣುಕೋದು. ಕೊನೆಕೊನೆಗೆ ಸಾಹೇಬರೇ ಕಿಟಕಿಯಿಂದ ನೋಡಿ ‘ಮಗು ಇದೆ ಅಂತ ಹೇಳು’ ಅಂತ ಜವಾನನ್ನ ಕಳಿಸ್ತಿದ್ರಂತೆ. ಅದೊಂದು ಮಾತ್ರ ಜವಾನನ ಬೊಗಳೆ ಅಂತ ನನ್ನ ಲೆಕ್ಕ."

ಬುತ್ತಿಯನ್ನು ನಾಯಿಗೆ ಹಾಕಿದ್ದನ್ನು ಕಂಡದ್ದು ಅಗಸ. ಜಗಳದಲ್ಲಿ ತಪ್ಪು ಯಾರದೆಂದು ತೀರ್ಪು ಕೊಟ್ಟದ್ದು ದಾದಿ. ಬಂಗಲೆಯ ಅಷ್ಟೂ ಜನ ಒಂದು ಹುಡುಗಿಯನ್ನು ಪಾಳಿಯ ಮೇಲೆ ನೋಡಿದ್ದರು, ಆ ಹುಡುಗಿ ಮಾತ್ರ ಮೊಳೆ ಹೊಡೆದ ಕದಕ್ಕೆ ಕೈಬೀಸುತ್ತ ಕೂತಿದ್ದಳು. ಪತ್ತೇದಾರಮ್ಮನಿಗೆ ನಗು ಬಂತು. ಅವಳು ಕಣ್ಣೊರೆಸಿಕೊಂಡು ಮಾಮೂಲಿ ಪತ್ತೇದಾರಮ್ಮನಾದಳು.

"ಮತ್ತೆ ಇಷ್ಟು ಚೆನ್ನಾಗಿ ನಡೀತಿದ್ದ ಕೆಲ್ಸ ಅಮ್ಮ ಬಿಟ್ಟಿದ್ಯಾಕೆ? ಮೆಟ್ಲು ಹತ್ತಿಳಿದು ಸಾಕಾಯ್ತು ಅಂತಿದ್ಲು. ಆ ಕೋಣೇಲಿ ನಿಂತೋಳಿಗೆ ಯಾವ ಮೆಟ್ಲು?"

ಹುಲ್ಲಜ್ಜ ಈ ಸಲ ನಗಲಿಲ್ಲ. "ಕನ್ನಡಿ ಗಾಡಿ ಬಂದ ದಿನ ನೆನಪಿದ್ಯಾ ನಿನಗೆ?"

ನೆನಪಿಲ್ಲದೆ! ಅವಳ ಬಾಲ್ಯದ ಬಂಗಾರದಂಥ ದಿನ ಅದು. ತಳ್ಳುಗಾಡಿಯ ಮೇಲೆ ಆಳೆತ್ತರದ ಕನ್ನಡಿ ಕಟ್ಟಿಕೊಂಡು ಒಬ್ಬ ಹೋಗುತ್ತಿದ್ದ. ಕನ್ನಡಿಯೊಳಗೆ ಬೀದಿಯೇ ನಡೆಯುತ್ತಿತ್ತು, ಬೀದಿಯ ನಡುವೆ ತಾನೂ ನಡೆಯುತ್ತಿದ್ದಳು. ಕಲ್ಲಿನಿಂದ ಯಾವಾಗ ಇಳಿದಳೋ ಅವಳಿಗೇ ತಿಳಿಯದು. ಅವನ ಹಿಂದೆ ಸಂತೆಯ ಬೀದಿ ದಾಟಿ, ಸೇತುವೆಯವರೆಗೂ ಹೋಗಿಬಿಟ್ಟಿದ್ದಳು. ಅಲ್ಲಿಗೆ ಅಮ್ಮ ಬಂದಳು, ಬರಿಗಾಲು, ಬಿಚ್ಚಿದ ಕೂದಲು, ಮಸಿ ಮೆತ್ತಿದ ಕೈ. ಬೈಯಲಿಲ್ಲ, ಹೊಡೆಯಲಿಲ್ಲ, ಎತ್ತಿಕೊಂಡಳು. ಹೇಗೆ ಗೊತ್ತಾಯ್ತಮ್ಮಾ ಎಂದರೆ, ಕಿಟಕಿಯಿಂದ ನೋಡಿದೆ ಎಂದಳು.

"ಅವತ್ತು ಅವಳಿಗೆ ಹೇಳಿದ್ದು ನಾನೇ," ಎಂದ ಹುಲ್ಲಜ್ಜ. "ಕಲ್ಲ ಮೇಲೆ ಮಗು ಇಲ್ಲ ಅಂದೆ. ಕೈಲಿದ್ದ ಕ್ಯಾನು ಬಿಟ್ಲು, ಕುದಿಯೋ ನೀರು ನೆಲದ ಮೇಲೆಲ್ಲ. ಬಂಗ್ಲೇಲಿ ಅವತ್ತು ದೊಡ್ಡ ಪಾರ್ಟಿ. ದೊಡ್ಡೋರು ಬಂದಿದ್ರು ಅಂತ ಹಿಂದಿನ ಗೇಟಿಗೆ ಬೀಗ. ಆ ಬೀಗ ನೋಡಿದ್ದೇ, ತಿರ್ಗಿ ಹತ್ತಿದ್ಲು ಮೆಟ್ಲು. ಆ ಗುಟ್ಟಿನ ಬಾಗ್ಲು ತಳ್ಕೊಂಡು ಸೀದಾ ಹಾಲಿಗೆ ಬಂದ್ಲು. ಬ್ಯಾಂಡು ಬಾರಿಸ್ತಿದ್ರು, ಅಷ್ಟೂ ಜನ ಗ್ಲಾಸು ಹಿಡ್ಕೊಂಡು ನಿಂತಿದ್ರು. ಅವರ ಮಧ್ಯಾನೇ ಓಡಿದ್ಲು, ದೊಡ್ಡ ಬಾಗ್ಲಿಂದ ಆಚೆ. ಬೆಳ್ಳನೆ ಜಮಖಾನದ ಉದ್ದಕ್ಕೂ ಕಲ್ಲಿದ್ದಲ ಹೆಜ್ಜೆ! ಉಜ್ಜಕ್ಕೆ ನನ್ನನ್ನೂ ಕರೆದ್ರು. ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ. ಸಂಜೆಗೆ ಇನ್ನು ಬರ್ಬೇಡ ಅಂದ್ರು. ಮೇಲ್ವಿಚಾರಕರು ಒಳ್ಳೇವ್ರು, ತಪ್ಪಾಯ್ತು ಅನ್ನು ಸಾಕು, ನಾನು ಮಾತಾಡ್ತೀನಿ ಅಂತ ಹೇಳಿ ಕಳಿಸಿದ್ರು. ‘ತಪ್ಪು ಅನ್ನಿಸಿದ್ರೆ ತಾನೆ ಹೇಳೋದು’ ಅಂದ್ಲು. ಮಾರನೇ ದಿನದಿಂದ ಹರಿದ ಚೀಲ ಹೊಲಿಯಕ್ಕೆ ಕೂತ್ಲು."

ಪತ್ತೇದಾರಮ್ಮ ಮಡಿಲಿನ ಚೀಲವನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಕಡೆಗೆ, "ಇಷ್ಟು ವರ್ಷ ದಿನಾ ಇಲ್ಲೇ ಕೂತು ಟೀ ಕುಡಿದ್ಯಲ್ಲ ಅಣ್ಣ. ನನಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದಳು.

"ನಾನಾಗಿ ಹೇಳ್ಕೂಡ್ದು ಅಂದಿದ್ಲು. ‘ಅವಳು ಎಲ್ಲಾನೂ ಕೇಳ್ತಾಳೆ. ಇದನ್ನೂ ಕೇಳಿದ್ರೆ ಹೇಳು’ ಅಂದಿದ್ಲು. ಊರವರ ಸಮಾಚಾರ ಎಲ್ಲ ಕೇಳ್ದೆ ತಂಗಿ. ಇದೊಂದನ್ನ ನೀನು ಕೇಳ್ಲೇ ಇಲ್ಲ."

ಮಾರನೆಯ ದಿನ ಸೊಸೆ ಕೆಲಸಕ್ಕೆ ಹೋದ ಮೇಲೆ ಪತ್ತೇದಾರಮ್ಮ ಅಂಗಡಿ ಮುಚ್ಚಿ ಮತ್ತೆ ಬಂಗಲೆಗೆ ಹೋದಳು. ಯಾರನ್ನೂ ಏನೂ ಕೇಳದೆ ನೇರ ಬಿಸಿನೀರಿನ ಕೋಣೆಗೆ ಇಳಿದಳು. ಹಂಡೆಯ ಕೊಳಾಯಿಯ ಮೇಲೊಮ್ಮೆ ಕೈ ಇಟ್ಟು, ಅಲ್ಲಿಂದ ಹೊರಟಳು. ಇಕ್ಕಟ್ಟು ಮೆಟ್ಟಿಲನ್ನು ಗೋಡೆ ಹಿಡಿದು ಹತ್ತಿದಳು. ನಡುವೆ ಕೂತು ಮಂಡಿ ನೀವಿಕೊಂಡಳು. ಬಣ್ಣದಲ್ಲಿ ಅಡಗಿದ ಕದವನ್ನು ತಳ್ಳಿ ಹಾಲಿಗೆ ಬಂದಳು. ನಿನ್ನೆ ಕುರ್ಚಿ, ಕಾಲುಮಣೆ ಎಂದು ನೋಡುತ್ತ ನಡೆದಾಗ ಹಾಲು ಇಷ್ಟು ಉದ್ದವಿದೆಯೆಂದು ತಿಳಿದಿರಲಿಲ್ಲ. ಗುಂಪುಗಳ ನಡುವೆ ನುಸುಳಿಕೊಂಡು, ಕ್ಷಮಿಸಿ ಎನ್ನದೆ, ದಾರಿ ಬಿಡಿ ಎನ್ನದೆ, ದೊಡ್ಡ ಬಾಗಿಲಿಗೆ ಬಂದಳು. ಅಲ್ಲಿ ಅಡ್ಡಕ್ಕೆ ಹಗ್ಗ ಕಟ್ಟಿತ್ತು, 'ಮುಟ್ಬಾರ್ದು' ಎಂದಿದ್ದ ಕಾವಲಿನವನೇ ನಿಂತಿದ್ದ.

"ಅಮ್ಮಾ, ಈ ಕಡೆಯಿಂದ ಯಾರ್ನೂ ಬಿಡಲ್ಲ. ಪಕ್ಕದ ಬಾಗ್ಲಿಗೆ ಹೋಗಿ."

"ಗೊತ್ತಪ್ಪ. ನಮ್ಮಮ್ಮನ್ನೂ ಬಿಡ್ತಿರ್ಲಿಲ್ಲ."

"ಮತ್ತೆ?"

"ಮತ್ತೇನು, ಹೋದ್ಲು," ಎಂದು ಅವಳು ಹಗ್ಗ ಎತ್ತಿ, ಬಗ್ಗಿ, ಆಚೆ ದಾಟಿದಳು.

ಅವನು ಕೂಗಿದ, ಅವಳು ನಿಲ್ಲಲಿಲ್ಲ. ಮೆಟ್ಟಿಲಿಳಿದು, ಜಲ್ಲಿಯ ದಾರಿ ಹಿಡಿದು, ಮುಂದಿನ ಗೇಟು ದಾಟಿ, ಬೇಲಿಯ ಪಕ್ಕದಲ್ಲೇ ಬಂಗಲೆಯನ್ನು ಅರ್ಧ ಸುತ್ತು ಬಳಸಿಕೊಂಡು ಹಿಂದಿನ ಬೀದಿಗೆ ಬಂದಳು. ಬಂದಾಗ ಏದುಸಿರು. ಅಮ್ಮ ಇಷ್ಟನ್ನೂ ಓಡಿಯೇ ಬಂದಿದ್ದಳು. ನಲ್ಲಿಯಿಂದ ನೀರು ಹನಿಯುತ್ತಿತ್ತು. ಪಕ್ಕದಲ್ಲಿ ಆ ಕಲ್ಲು, ಬಿಸಿಲಿನಲ್ಲಿ, ಖಾಲಿಯಾಗಿ ಬಿದ್ದಿತ್ತು. ಆ ಕಲ್ಲಿನ ಮೇಲೆ ಕೂತು ಅವಳು ಕಿಟಕಿಯನ್ನು ನೋಡಿದ್ದಳು, ಮೆಷಿನ್ನಿನ ಮುಂದೆ ಕೂತು ಕಲ್ಲನ್ನೂ ದಿನಾ ನೋಡಿದ್ದಳು. ಅದು ಖಾಲಿ ಇದೆ ಎಂದು ಎಂದೂ ಅನ್ನಿಸಿರಲಿಲ್ಲ. ಅಮ್ಮ ಮಸಿಗೈಯಲ್ಲಿ ಇಲ್ಲಿ ಬಂದು ನಿಂತಾಗ ಕಂಡದ್ದು ಇದು. ಇಷ್ಟೇ. ಪತ್ತೇದಾರಮ್ಮನಿಗೆ ಅದರ ಮೇಲೆ ಕೂರಲಾಗಲಿಲ್ಲ. ನಡುಬೀದಿಯಲ್ಲಿ, ಹಗಲು ಹೊತ್ತಿನಲ್ಲಿ, ನಿಂತಲ್ಲೇ ನಿಂತು, ಅಮ್ಮಾ ಎಂದು ಬಾಯಿಬಿಟ್ಟು ಅತ್ತುಬಿಟ್ಟಳು.